ಕೋಡ್ ನಮ್ಮದು, ಹೆಸರು ಯಾರದು? ಬಾಗಲಕೋಟೆಯ ಒಂದು ಪ್ರಕರಣ ಅಧ್ಯಯನ

ಬೇರೆಯವರ ತಂತ್ರಾಂಶವನ್ನು ಕನ್ನಡ ಶಾಲೆಗಳಿಗೆ ಹೊಂದಿಸಿ, ಅವರದೇ ಹೆಸರಲ್ಲಿ ಹಂಚಿದ ಪ್ರಕರಣ ಇದು. ಇದರಲ್ಲಿ ನಾನೂ ಇದ್ದೆ. ನನ್ನ ಪಾಲಿಗೆ ಬಂದಿದ್ದು ಅನುವಾದ, ದಾಖಲೆ ಮತ್ತು ಪತ್ರ ವ್ಯವಹಾರ. ಉಳಿದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಜನರ, ಶಾಲೆಗಳ, ಮೂಲ ತಂತ್ರಾಂಶದ ಹೆಸರು ಇಲ್ಲಿಲ್ಲ. ಮೂವರನ್ನು ಅಕ್ಕೋರು, ಅಂಗಡಿ ಅಣ್ಣ, ಹುಡುಗ ಅಂತ ಕರೆಯುತ್ತೇನೆ. ಕೊನೆಗೆ ನಾವು ಇಟ್ಟುಕೊಂಡ ಹೆಸರನ್ನೂ ಬದಲಿಸಿ ‘ಪಾಟಿ’ ಅಂತ ಬರೆದಿದ್ದೇನೆ.

ಹಿನ್ನೆಲೆ

ಅಕ್ಕೋರು ಹುನಗುಂದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಅವರ ಲ್ಯಾಬಿನಲ್ಲಿ ಹತ್ತು ಹಳೆಯ ಕಂಪ್ಯೂಟರ್‌ಗಳಿದ್ದವು. ಒಂದೊಂದಕ್ಕೂ 2 ಜಿಬಿ ರ್‍ಯಾಮ್. ಅದರಲ್ಲಿದ್ದ ಹಳೆ ವಿಂಡೋಸ್ ಪ್ರತಿ ವಾರ ಕೈಕೊಡುತ್ತಿತ್ತು. ಅಂಗಡಿ ಅಣ್ಣನದು ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಆ ಶಾಲೆಗೆ ಹೋಗಿ ಹೋಗಿ ಬೇಸತ್ತು, ‘ಅಕ್ಕೋರ, ಇದಕ್ಕ ಲಿನಕ್ಸ್ ಹಾಕಿ ನೋಡೂಣ್ರಿ’ ಅಂದರು. ಅವರ ಅಂಗಡಿಗೆ ಬಿಡುವಿದ್ದಾಗ ಬರುತ್ತಿದ್ದ ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗ ಆ ಕೆಲಸ ಹಿಡಿದ.

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ವ್ಯವಸ್ಥೆ. ಅದನ್ನು ಬೇಕಾದ ತಂತ್ರಾಂಶಗಳ ಜೊತೆ ಕಟ್ಟಿ ಕೊಡುವ ಕಂತೆಗೆ ವಿತರಣೆ ಅಂತಾರೆ. ಹುಡುಗ ಅಂಥ ಒಂದು ಹೆಸರಾಂತ ವಿತರಣೆಯನ್ನು ತೆಗೆದುಕೊಂಡ. ಮೆನು, ಕಿಟಕಿ ತೋರಿಸುವ ಹಗುರವಾದ ಡೆಸ್ಕ್‌ಟಾಪ್ ಹಾಕಿದ. ಮೆನು ಎಲ್ಲ ಕನ್ನಡದಲ್ಲಿ ಬರುವ ಹಾಗೆ ಮಾಡಿದ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಕೈ ಕುದುರಿದ ಶಿಕ್ಷಕರಿಗೆ ಅನುಕೂಲ ಆಗಲಿ ಅಂತ ಕಗಪ ಕೀಲಿಮಣೆಯನ್ನೇ ಮೊದಲ ಆಯ್ಕೆಯಾಗಿ ಇಟ್ಟ. ಮಕ್ಕಳ ಕಲಿಕೆಯ ಆಟಗಳಿರುವ ಜಿಕಾಂಪ್ರೀ, ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಆಕಾಶ ತೋರಿಸುವ ಸ್ಟೆಲೇರಿಯಂ ಸೇರಿಸಿದ. ಇಲ್ಲದ ಕಡೆ ನಾನು ಅನುವಾದ ತುಂಬಿದೆ. ಎಲ್ಲ ಸೇರಿ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುವಷ್ಟಾಯಿತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲ ದಿನವೇ ಶನಿಗ್ರಹದ ಉಂಗುರ ಹತ್ತಿರ ತಂದು ನೋಡಿದಳು. ಆ ದಿನದ ಖುಷಿ ಈಗಲೂ ನೆನಪಿದೆ.

ಹೆಸರಿನ ಬಗ್ಗೆ ನಾವು ಐದು ನಿಮಿಷವೂ ಯೋಚಿಸಲಿಲ್ಲ. ಮೂಲ ವಿತರಣೆಯ ಹೆಸರಿನ ಮುಂದೆ ‘ಕನ್ನಡ ಶಾಲಾ ಆವೃತ್ತಿ’ ಅಂತ ಸೇರಿಸಿದೆವು. ಮೂಲದ ಲಾಂಛನವನ್ನೇ ಇಟ್ಟು, ಕೆಳಗೆ ಕೆಂಪು ಹಳದಿ ಪಟ್ಟಿ ಎಳೆದೆವು. ವಾಟ್ಸ್‌ಆ್ಯಪ್‌ಗೆ ಒಂದು ಪೋಸ್ಟರ್ ಬೇಕಲ್ವಾ? ಅದರ ಮೇಲೆ ‘ಅಧಿಕೃತ ಕನ್ನಡ ಆವೃತ್ತಿ’ ಅಂತ ಬರೆದವನು ನಾನು. ಬೇರೆ ಯಾರೂ ಮಾಡಿಲ್ಲ, ಇದೊಂದೇ ಇರೋದು, ಹಾಗಾಗಿ ಇದೇ ಅಧಿಕೃತ ಅನ್ನುವುದು ನನ್ನ ಲೆಕ್ಕವಾಗಿತ್ತು.

ಸಮಸ್ಯೆ ಬಂದ ದಾರಿ

ಆರು ತಿಂಗಳಲ್ಲಿ ಹನ್ನೊಂದು ಶಾಲೆಗಳು ಹಾಕಿಕೊಂಡವು. ಆಮೇಲೆ ಮೂರು ಸಂಗತಿಗಳು ಒಂದರ ಹಿಂದೆ ಒಂದು ನಡೆದವು.

ಮೊದಲನೆಯದು ಒಬ್ಬ ಹೆಡ್‌ಮಾಸ್ಟರ್ ಫೋನು. ‘ತಮ್ಮಾ, ಪೋಸ್ಟರಿನ್ಯಾಗ ಅಧಿಕೃತ ಅಂತ ಐತಿ. ಹಂಗಾರ ಇದು ಇಲಾಖೆದೇನು? ಸುತ್ತೋಲೆ ನಂಬರ್ ಎಷ್ಟು?’ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಮೂಲ ಯೋಜನೆಯವರು, ಅಂದರೆ ಆ ವಿತರಣೆಯನ್ನು ಕಟ್ಟುವವರು, ಒಪ್ಪಿದ್ದಾರೆ ಅನ್ನುವ ಅರ್ಥವೂ ಆ ಪದದಿಂದ ಬರುತ್ತಿತ್ತು, ಅದೂ ನಿಜವಾಗಿರಲಿಲ್ಲ. ಶಾಲೆಯ ಕಚೇರಿಯಲ್ಲಿ ಕೂತು ಓದುವವರಿಗೆ ಆ ಪದದ ಅರ್ಥವೇ ಬೇರೆ. ಅಲ್ಲಿ ‘ಅಧಿಕೃತ’ ಅಂದರೆ ಸರಕಾರ, ಸೀಲು, ಸಹಿ. ಒಂದೇ ಪದದಲ್ಲಿ ಎರಡು ಸುಳ್ಳು ಹೋಗಿದ್ದವು.

ಎರಡನೆಯದು ಅದರಿಂದಲೇ ಹುಟ್ಟಿತು. ಬೇರೆ ತಾಲೂಕಿನ ಒಬ್ಬ ವ್ಯಾಪಾರಿ ನಮ್ಮ ಪೆನ್‌ಡ್ರೈವ್ ನಕಲು ಮಾಡಿ, ‘ಇಲಾಖೆ ಒಪ್ಪಿದ ಸಾಫ್ಟ್‌ವೇರ್’ ಅಂತ ಹೇಳಿ ಶಾಲೆಗಳಿಂದ ದುಡ್ಡು ತೆಗೆದುಕೊಳ್ಳುತ್ತಿದ್ದಾನೆ ಅಂತ ಸುದ್ದಿ ಬಂತು. ಸ್ವತಂತ್ರ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಇಂಥದ್ದನ್ನು, ದುಡ್ಡಿಗೆ ಮಾರುವುದು ತಪ್ಪಲ್ಲ, ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಆ ಸುಳ್ಳಿಗೆ ಆಧಾರವಾಗಿ ತೋರಿಸುತ್ತಿದ್ದದ್ದು ನನ್ನ ಪೋಸ್ಟರ್.

ಮೂರನೆಯದು ನಮ್ಮ ಕಣ್ಣು ತೆರೆಸಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೆನುವಿನ ಸಾಲುಗಳ ನಡುವೆ ಜಾಗ ಜಾಸ್ತಿ ಅಂತ ಅನಿಸಿ, ಹುಡುಗ ಒಂದು ಕನ್ನಡ ಫಾಂಟನ್ನು ತೆರೆದು, ಅಕ್ಷರದ ಕೆಳಭಾಗಕ್ಕೆ ಮೀಸಲಿಡುವ ಅಳತೆಯನ್ನು ಕಡಿಮೆ ಮಾಡಿದ್ದ. ಇಂಗ್ಲಿಷಿಗೆ ಅಷ್ಟು ಸಾಕಾಗಬಹುದು. ಕನ್ನಡಕ್ಕೆ ಸಾಲದು, ನಮ್ಮ ಒತ್ತಕ್ಷರಗಳು ಇರೋದೇ ಕೆಳಗೆ. ‘ವೈಶಿಷ್ಟ್ಯ’ ಅನ್ನುವ ಪದ ನೋಡಿ. ‘ಷ’ದ ಕೆಳಗೆ ‘ಟ’ ಒತ್ತು, ಅದರ ಪಕ್ಕ ‘ಯ’ ಒತ್ತು. ಪರದೆಯ ಮೇಲೆ ಆ ಎರಡೂ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿದ್ದವು. ಒಬ್ಬ ಶಿಕ್ಷಕರು ಅದನ್ನು ನೋಡಿ, ಮೆನುವಿನಲ್ಲೇ ಇದ್ದ ‘ದೋಷ ವರದಿ ಮಾಡಿ’ ಗುಂಡಿ ಒತ್ತಿದರು. ಆ ಗುಂಡಿ ಹೋಗುತ್ತಿದ್ದದ್ದು ಮೂಲ ಯೋಜನೆಗೆ. ನಾವು ಅದನ್ನು ಬದಲಿಸಿರಲೇ ಇಲ್ಲ.

ಅಲ್ಲಿ ಕನ್ನಡ ಅನುವಾದ ನೋಡಿಕೊಳ್ಳುವವರು ಬೆರಳೆಣಿಕೆಯ ಸ್ವಯಂಸೇವಕರು. ದಿನದ ಕೆಲಸ ಮುಗಿಸಿ ರಾತ್ರಿ ಕೂತು ಮಾಡುವವರು. ಅವರು ಆ ವರದಿ ಹಿಡಿದು ನಾಲ್ಕಾರು ರಾತ್ರಿ ಹುಡುಕಿದರು. ವರದಿಯಲ್ಲಿದ್ದ ವಿತರಣೆಯ ಹೆಸರು ಅವರದೇ. ಫಾಂಟಿನ ಹೆಸರೂ ಅದೇ, ಆವೃತ್ತಿ ಸಂಖ್ಯೆಯೂ ಅದೇ. ಆದರೆ ಅವರ ಕಂಪ್ಯೂಟರಿನಲ್ಲಿ ಒತ್ತುಗಳು ಸರಿಯಾಗಿಯೇ ಕಾಣುತ್ತಿದ್ದವು. ಕೊನೆಗೆ ಒಬ್ಬರು ನಮ್ಮ ಪೆನ್‌ಡ್ರೈವ್ ಪೂರ್ತಿ ಪ್ರತಿಯನ್ನೇ ಇಳಿಸಿಕೊಂಡು ಫಾಂಟ್ ಕಡತ ಹೋಲಿಸಿದಾಗ ಗುಟ್ಟು ಬಯಲಾಯಿತು. ಹೆಸರು ಒಂದೇ, ಒಳಗಿನ ಸರಕು ಬೇರೆ.

ಆ ಫಾಂಟ್ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿ ಬಂದದ್ದು. ಅದರಲ್ಲಿ ‘ಕಾಯ್ದಿರಿಸಿದ ಫಾಂಟ್ ಹೆಸರು’ ಅನ್ನುವ ಷರತ್ತು ಹಾಕಲು ಅವಕಾಶವಿದೆ. ಫಾಂಟನ್ನು ತಿದ್ದಿ, ಹಂಚಿ, ಅಡ್ಡಿಯಿಲ್ಲ. ಆದರೆ ತಿದ್ದಿದ್ದಕ್ಕೆ ಅದೇ ಹೆಸರು ಇಡಬೇಡಿ ಅಂತ. ಆ ಷರತ್ತು ಈ ಫಾಂಟಿಗೆ ಇತ್ತು. ನಾವು ಓದಿರಲಿಲ್ಲ.

ಎರಡು ದಿನದ ನಂತರ ಮೂಲ ಯೋಜನೆಯಿಂದ ಮೇಲ್ ಬಂತು. ಬೆದರಿಕೆ ಇರಲಿಲ್ಲ. ಶಾಲೆಗಳಿಗೆ ಮಾಡುತ್ತಿರುವ ಕೆಲಸ ಚೆನ್ನಾಗಿದೆ ಅಂತಲೇ ಶುರುವಾಗಿತ್ತು. ನಂತರ ಮೂರು ಕೋರಿಕೆ: ನಮ್ಮ ಹೆಸರು ಮತ್ತು ಲಾಂಛನ ತೆಗೆಯಿರಿ, ‘ಅಧಿಕೃತ’ ಪದ ತೆಗೆಯಿರಿ, ದೋಷ ವರದಿಗಳನ್ನು ನಿಮ್ಮ ಕಡೆ ತಿರುಗಿಸಿ.

ಸಿಟ್ಟು, ಆಮೇಲೆ ಓದು

ಹುಡುಗನಿಗೆ ತುಂಬಾ ಬೇಸರವಾಯಿತು. ‘ಓಪನ್ ಸೋರ್ಸ್ ಅಂತಾರ, ಹೆಸರು ಮುಟ್ಟಬ್ಯಾಡ ಅಂತಾರ. ಇದೆಂಥಾ ಓಪನ್ರಿ?’ ಅಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಎಲ್ಲರೂ ಕೂತು ಲೈಸೆನ್ಸ್ ಓದಿದೆವು.

ಓದಿದಾಗ ತಿಳಿದಿದ್ದು ಇಷ್ಟು. ಸ್ವತಂತ್ರ ತಂತ್ರಾಂಶದ ಲೈಸೆನ್ಸ್ ಕೋಡಿನ ಹಕ್ಕು ಕೊಡುತ್ತದೆ. ಹೆಸರು ಟ್ರೇಡ್‌ಮಾರ್ಕ್ ಕಾನೂನಿನ ವಿಷಯ, ಅದು ಬೇರೆ. ಅಂಥ ಲೈಸೆನ್ಸುಗಳಲ್ಲಿ ಒಂದಾದ ಅಪಾಚೆ 2.0 ಲೈಸೆನ್ಸಿನ 6ನೇ ಕಲಮು ಹೆಸರು, ಗುರುತುಗಳ ಹಕ್ಕು ಕೊಡುತ್ತಿಲ್ಲ ಅಂತ ನೇರವಾಗಿಯೇ ಹೇಳುತ್ತದೆ. ಇನ್ನೊಂದು ಲೈಸೆನ್ಸ್ ಆದ ಜಿಪಿಎಲ್‌ನ 2007ರ 3ನೇ ಆವೃತ್ತಿಯ 7ನೇ ಕಲಮು ಅಂಥ ಷರತ್ತು ಸೇರಿಸಲು ಬಿಡುತ್ತದೆ. 1991ರ ಜಿಪಿಎಲ್ 2ನೇ ಆವೃತ್ತಿಯ ಪೀಠಿಕೆಯಲ್ಲಿ ಇನ್ನೂ ಮನಸ್ಸಿಗೆ ನಾಟುವ ಮಾತಿದೆ. ಬೇರೆಯವರು ತಿದ್ದಿ ಹಂಚಿದ್ದನ್ನು ಪಡೆದವರಿಗೆ ತಮ್ಮ ಕೈಗೆ ಬಂದಿರೋದು ಮೂಲವಲ್ಲ ಅಂತ ಗೊತ್ತಾಗಬೇಕು, ಬೇರೆಯವರು ತಂದಿಟ್ಟ ತೊಂದರೆಯಿಂದ ಮೂಲ ಬರಹಗಾರರ ಹೆಸರು ಕೆಡಬಾರದು ಅನ್ನುವ ಅರ್ಥದ ಮಾತು. ಆ ‘ವೈಶಿಷ್ಟ್ಯ’ದ ಒತ್ತು ನೆನಪಾಗಿ ನಾನು ಸುಮ್ಮನಾದೆ.

ಹುಡುಗನನ್ನು ಒಪ್ಪಿಸಿದ್ದು ಮಾತ್ರ ಲೈಸೆನ್ಸ್ ಅಲ್ಲ, ಅಕ್ಕೋರ ಮಾತು. ಅವರ ತವರು ಇಳಕಲ್. ಮನೆಯಲ್ಲಿ ಮಗ್ಗ ಇತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದೆಳೆಗಳು), ಸೆರಗಿನ ಹಾಸು ಬೇರೆ ಬೇರೆ ಇರುತ್ತವೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಕೂತು ಮಾಡುವ ಕೆಲಸ. ಅಕ್ಕೋರು ಅಂದರು: ‘ನೋಡಪಾ, ಇಳಕಲ್ ಸೀರಿ ನೋಡಿ ಯಾರರ ಹಂತಾದ್ದ ನೇಯ್ಲಿ, ನಾವ್ಯಾಕ ಬ್ಯಾಡ ಅನ್ನೂಣು? ಆದ್ರ ಕೊಂಡಿ ಇಲ್ಲದ ಸೀರಿಗೆ ಇಳಕಲ್ ಅಂತ ಚೀಟಿ ಹಚ್ಚಿ ಮಾರಿದ್ರ, ಮೊದಲನೇ ಒಗತಕ್ಕ ಸೆರಗು ಕಿತ್ರ, ಬೈಸ್ಕೊಳ್ಳೋರು ಯಾರು? ನಮ್ಮಪ್ಪ.’ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿರೋದೂ ಇದೇ ಕಾರಣಕ್ಕಲ್ವಾ? ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹಂಗಾರ ಏನ್ ಮಾಡೂಣ್ರಿ?’ ಅಂದ.

ಮಾಡಿ ನೋಡಿದ್ದು

ಮೊದಲ ಪ್ರಯತ್ನ ಸುಲಭದ್ದು, ತಪ್ಪಾದದ್ದು. ಹೆಸರು ಹಾಗೇ ಬಿಟ್ಟು, ಪೋಸ್ಟರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇದು ಮೂಲ ಯೋಜನೆಯ ಅಧಿಕೃತ ಆವೃತ್ತಿಯಲ್ಲ’ ಅಂತ ಸೇರಿಸಿದೆವು. ಪೆನ್‌ಡ್ರೈವ್ ಕೈಯಿಂದ ಕೈಗೆ ಹೋಗುತ್ತದೆ, ಪೋಸ್ಟರ್ ಅದರ ಜೊತೆ ಹೋಗುವುದಿಲ್ಲ. ಮುಂದಿನ ಎರಡು ದೋಷ ವರದಿಗಳೂ ಮೂಲ ಯೋಜನೆಗೇ ಹೋದವು.

ಎರಡನೆಯದು, ನಿಜವಾಗಿ ಅಧಿಕೃತ ಆಗೋಣ ಅನ್ನುವ ಯೋಚನೆ. ಹುಡುಗನಿಗೆ ಇದು ಬಹಳ ಇಷ್ಟವಾಗಿತ್ತು. ಬೇರೆಯವರು ಹೇಗೆ ಆದರು ಅಂತ ನೋಡಿದೆವು. ಉಬುಂಟು ಅನ್ನುವ ಲಿನಕ್ಸ್ ವಿತರಣೆಯ ಬಳಗದ ಉದಾಹರಣೆಗಳು ಕಣ್ಣ ಮುಂದೆ ಇದ್ದವು. ಲುಬುಂಟು ಕೆಲ ಕಾಲ ಹೊರಗೇ ಇದ್ದು, 2011ರ ಅಕ್ಟೋಬರ್ ಬಿಡುಗಡೆಯಲ್ಲಿ ಅಧಿಕೃತ ಬಳಗ ಸೇರಿತು. ಬಡ್ಜಿ ಡೆಸ್ಕ್‌ಟಾಪಿನವರು ‘ಬಡ್ಜಿ ರೀಮಿಕ್ಸ್’ (ರೀಮಿಕ್ಸ್ ಅಂದರೆ ಮೂಲವನ್ನು ತಿದ್ದಿ ಕಟ್ಟಿದ ರೂಪ) ಅನ್ನುವ ಹೆಸರಲ್ಲಿ ಶುರು ಮಾಡಿ, ಒಪ್ಪಿಗೆ ಸಿಕ್ಕ ಮೇಲಷ್ಟೇ ‘ಉಬುಂಟು ಬಡ್ಜಿ’ ಆದರು. ಆ ಹೆಸರಿನ ಮೊದಲ ಬಿಡುಗಡೆ 2017ರ ಏಪ್ರಿಲ್‌ನದು. ಸಿನಮನ್ ಡೆಸ್ಕ್‌ಟಾಪ್‌ನವರು 2019ರಲ್ಲಿ ರೀಮಿಕ್ಸ್ ಆಗಿ ಹೊರಟು, ಅಧಿಕೃತ ಆಗಿದ್ದು 2023ರಲ್ಲಿ. ಮೊದಲು ಕೆಲಸ, ಆಮೇಲೆ ಹೆಸರು. ನಾವು ಉಲ್ಟಾ ಹೋಗಿದ್ದೆವು.

ನಮ್ಮ ಮೂಲ ಯೋಜನೆಗೆ ಪತ್ರ ಬರೆದು ಷರತ್ತು ಕೇಳಿದೆ. ಉತ್ತರ ಒಂದು ಪುಟ ಇತ್ತು. ಬೇಕಾದ ಪ್ಯಾಕೇಜ್ (ಹಾಕಿಕೊಳ್ಳಲು ಸಿದ್ಧ ಮಾಡಿಟ್ಟ ತಂತ್ರಾಂಶ) ಎಲ್ಲ ಅವರದೇ ಭಂಡಾರದಲ್ಲಿ ಇರಬೇಕು, ಹೊರಗಿನದು ಕೂಡದು. ಪ್ರತಿ ಬಿಡುಗಡೆಗೂ ಅವರ ವೇಳಾಪಟ್ಟಿಯಂತೆ ಪರೀಕ್ಷೆ ಮಾಡಿ ವರದಿ ಕೊಡಬೇಕು. ಪ್ಯಾಕೇಜ್ ಏರಿಸುವ ಹಕ್ಕು ಪಡೆದವರು ತಂಡದಲ್ಲಿ ಒಬ್ಬರಿಗಿಂತ ಜಾಸ್ತಿ ಇರಬೇಕು. ಭದ್ರತಾ ತಿದ್ದುಪಡಿಗಳನ್ನು ವರ್ಷಗಟ್ಟಲೆ ಕೊಡುವ ಹೊಣೆ ಒಪ್ಪಬೇಕು.

ಆ ಕಾಗದ ಹಿಡಿದು ಅಂಗಡಿಯಲ್ಲಿ ಕೂತ ಸಂಜೆಯೇ ಈ ಪ್ರಕರಣದ ಮುಖ್ಯ ತಿರುವು ಅಂತ ನಾನು ತಿಳಿದಿದ್ದೇನೆ. ಅಂಗಡಿ ಅಣ್ಣ ಒಂದೇ ಪ್ರಶ್ನೆ ಕೇಳಿದರು: ‘ಮುಂದಿನ ವರ್ಷ ಇಷ್ಟೊತ್ತಿಗೆ ಇದನ್ನ ಮಾಡೋರು ಯಾರ್ ಇರ್ತೀರಿ?’ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು, ಜುಲೈನಲ್ಲಿ ಹೊರಡುವವನು. ಅಕ್ಕೋರಿಗೆ ವರ್ಗಾವಣೆ ಆಗಬಹುದಿತ್ತು. ನನಗೆ ಕೋಡ್ ಬರದು. ಅಲ್ಲಿವರೆಗೆ ‘ಅಧಿಕೃತ’ ಅನ್ನೋದನ್ನು ನಾನು ಒಂದು ಮನ್ನಣೆ ಅಂದುಕೊಂಡಿದ್ದೆ. ಆ ಪುಟದಲ್ಲಿ ಮನ್ನಣೆಯ ಮಾತೇ ಇರಲಿಲ್ಲ, ಬರೀ ಹೊಣೆಗಳ ಪಟ್ಟಿ ಇತ್ತು. ಹೊರಲಾರದ ಹೊಣೆ ಒಪ್ಪಿಕೊಂಡರೆ ನಾಳೆ ಕಷ್ಟ ಅನುಭವಿಸುವವರು ಆ ಹನ್ನೊಂದು ಶಾಲೆಗಳ ಮಕ್ಕಳು. ಬೇಡ ಅಂತ ತೀರ್ಮಾನಿಸಿದೆವು. ಹುಡುಗನ ಕಣ್ಣಲ್ಲಿ ನೀರಿತ್ತು.

ಮೂಲದ ಹೆಸರಿನ ಅರ್ಧ ಉಳಿಸಿಕೊಂಡು ಬಾಲ ಬದಲಿಸುವ ಯೋಚನೆಯೂ ಬಂತು. ಬಹಳ ಜನ ಇಲ್ಲೇ ಎಡವುತ್ತಾರೆ. ಉಬುಂಟು ಹಿಂದಿರುವ ಕೆನಾನಿಕಲ್ ಕಂಪನಿಯ ನೀತಿಯಲ್ಲಿ, ‘ಬುಂಟು’ ಅಂತ ಕೊನೆಯಾಗುವ, ಗೊಂದಲ ಹುಟ್ಟಿಸುವಷ್ಟು ಹೋಲುವ ಹೆಸರಿಗೂ ಅನುಮತಿ ಬೇಕು ಅಂತಿದೆ. ಫೆಡೋರಾ ಅನ್ನುವ ವಿತರಣೆಯವರು ‘ಫೆಡೋರಾ ರೀಮಿಕ್ಸ್’ ಅನ್ನುವ ಪ್ರತ್ಯೇಕ ಗುರುತನ್ನೇ ಕೊಟ್ಟಿದ್ದಾರೆ, ಹೊರಗಿನ ಸರಕು ಸೇರಿಸಿದವರು ಅದನ್ನು ಬಳಸಬಹುದು. ಪ್ರತಿ ಯೋಜನೆಯ ನೀತಿ ಬೇರೆ, ಹಾಗಾಗಿ ಓದಿಯೇ ಮುಂದೆ ಹೋಗಬೇಕು. ನಮ್ಮ ಮೂಲದವರಲ್ಲಿ ಅಂಥ ಸೌಲಭ್ಯ ಇರಲಿಲ್ಲ.

ಉಳಿದದ್ದು ಒಂದೇ ದಾರಿ, ಪೂರ್ತಿ ಹೊಸ ಹೆಸರು. ಇದು ಸೋಲು ಅಂತ ಅನಿಸುತ್ತಿದ್ದಾಗ ಹುಡುಗನಿಗೆ ನಾನು ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆ ಆಫೀಸ್ ತಂತ್ರಾಂಶದ ಕಥೆ ಹೇಳಿದೆ. 2010ರ ಸೆಪ್ಟೆಂಬರ್‌ನಲ್ಲಿ ಓಪನ್ ಆಫೀಸ್ ಬಳಗದ ಬಹಳ ಜನ ಹೊರಬಂದಾಗ ಆ ಹೆಸರು ಒರಾಕಲ್ ಕಂಪನಿಯ ಕೈಯಲ್ಲಿತ್ತು. ಹೆಸರನ್ನು ಕೊಡಿ ಅಂತ ಕೇಳಿದರು, ಸಿಗಲಿಲ್ಲ. ತಾತ್ಕಾಲಿಕ ಅಂತ ಇಟ್ಟುಕೊಂಡ ‘ಲಿಬ್ರೆ ಆಫೀಸ್’ ಅನ್ನುವ ಹೆಸರೇ ಇವತ್ತು ನಮ್ಮ ಶಾಲೆಯ ಕಂಪ್ಯೂಟರಿನಲ್ಲಿದೆ. ಇನ್ನೊಂದು ಲಿನಕ್ಸ್ ವಿತರಣೆ ಡೆಬಿಯನ್‌ನವರು ಫೈರ್‌ಫಾಕ್ಸ್ ಲಾಂಛನ ಮತ್ತು ತಿದ್ದುಪಡಿ ಒಪ್ಪಿಗೆಯ ವಿಷಯದಲ್ಲಿ 2006ರಲ್ಲಿ ಅದನ್ನು ಮಾಡುವ ಮೊಜಿಲ್ಲಾದವರ ಜೊತೆ ಹೊಂದಾಣಿಕೆ ಆಗದೆ, ಅದೇ ಬ್ರೌಸರಿಗೆ ‘ಐಸ್‌ವೀಸಲ್’ ಅಂತ ಹೆಸರಿಟ್ಟರು. 2016ರಲ್ಲಿ ಮಾತುಕತೆಯಿಂದಲೇ ಫೈರ್‌ಫಾಕ್ಸ್ ಹೆಸರು ವಾಪಸ್ ಬಂತು.

‘ಪಾಟಿ’ ಅಂತ ಹೇಳಿದ್ದು ಅಕ್ಕೋರು. ಬರೆದು ಅಳಿಸಿ ಮತ್ತೆ ಬರೆಯುವ ಪಾಟಿ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಹೆಸರು ಬದಲಿಸುವ ಕೆಲಸ

ಇದು ಒಂದು ಸಂಜೆಯ ಕೆಲಸ ಅಂದುಕೊಂಡೆವು, ಮೂರು ವಾರ ಹಿಡಿಯಿತು.

ಹುಡುಗ ಮೊದಲು ಕಡತಗಳಲ್ಲಿ ಪದ ಬದಲಿಸುವ ಸೆಡ್ ಆಜ್ಞೆಯ ಒಂದೇ ಸಾಲಿನಲ್ಲಿ, ಮೂಲದ ಹೆಸರು ಇದ್ದ ಕಡೆಯೆಲ್ಲ ‘ಪಾಟಿ’ ಬರುವ ಹಾಗೆ ಮಾಡಿದ. ಮಾರನೆಯ ದಿನ ಅಪ್‌ಡೇಟ್ ನಿಂತಿತು. ಪ್ಯಾಕೇಜ್ ಭಂಡಾರದ ವಿಳಾಸದಲ್ಲಿದ್ದ ಹೆಸರೂ ಬದಲಾಗಿ, ಇಲ್ಲದ ಊರಿಗೆ ಕಂಪ್ಯೂಟರ್ ಹುಡುಕಿಕೊಂಡು ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಕಾಪಿರೈಟ್ ಕಡತಗಳಲ್ಲಿ ಆಗಿತ್ತು. ನಾನು ಸುಮ್ನೆ ಒಂದನ್ನು ತೆರೆದು ನೋಡಿದೆ. ವರ್ಷಗಟ್ಟಲೆ ದುಡಿದವರ ಯೋಜನೆಯ ಹೆಸರಿದ್ದ ಜಾಗದಲ್ಲಿ ‘ಪಾಟಿ’ ಅಂತ ಇತ್ತು. ಅವರ ಹೆಸರು ಬಳಸಬೇಡಿ ಅಂದದ್ದಕ್ಕೆ ಅವರ ಶ್ರಮದ ದಾಖಲೆಯನ್ನೇ ಅಳಿಸಿಬಿಟ್ಟಿದ್ದೆವು. ಅವತ್ತು ಎಲ್ಲ ವಾಪಸ್ ತೆಗೆದು, ಕೈಯಿಂದಲೇ ಮಾಡೋಣ ಅಂತ ಕೂತೆವು.

ಹೆಸರು ಇರುವ ಜಾಗಗಳನ್ನು ಮೂರು ಗುಂಪು ಮಾಡಿದೆವು. ಜನರ ಕಣ್ಣಿಗೆ ಬೀಳುವುದು, ಅಂದರೆ ಶುರುವಾಗುವಾಗಿನ ಚಿತ್ರ, ಗೋಡೆಚಿತ್ರ, ಅನುಸ್ಥಾಪನೆಯ ಪುಟಗಳು, ‘ದೋಷ ವರದಿ’ ಗುಂಡಿ: ಇವೆಲ್ಲ ಬದಲಾಗಬೇಕು. ಶ್ರಮದ ದಾಖಲೆ, ಅಂದರೆ ಕಾಪಿರೈಟ್ ಮತ್ತು ಲೈಸೆನ್ಸ್ ಕಡತಗಳು: ಮುಟ್ಟುವಂತೆಯೇ ಇಲ್ಲ. ಯಂತ್ರ ಯಂತ್ರದೊಂದಿಗೆ ಮಾತಾಡುವ ಹೆಸರುಗಳು: ಒಂದೊಂದನ್ನೂ ಯೋಚಿಸಿ ಮುಟ್ಟಬೇಕು.

ಮೂರನೆಯದರಲ್ಲಿ ‘ಓಎಸ್ ರಿಲೀಸ್’ ಅನ್ನುವ ಪುಟ್ಟ ಕಡತ ನಮ್ಮನ್ನು ಬಹಳ ಕಾಡಿತು. ಅದರಲ್ಲಿ ವಿತರಣೆಯ ಹೆಸರು, ಗುರುತು, ಯಾವುದರಿಂದ ಬಂದದ್ದು, ದೋಷ ವರದಿಯ ವಿಳಾಸ, ಎಲ್ಲಕ್ಕೂ ಒಂದೊಂದು ಸಾಲು. ಗುರುತಿನ ಸಾಲಿನಲ್ಲಿ ‘ಪಾಟಿ’ ಹಾಕಿದ ತಕ್ಷಣ ಒಂದು ಪ್ರಿಂಟರ್ ಡ್ರೈವರ್ ‘ಈ ವ್ಯವಸ್ಥೆ ಗೊತ್ತಿಲ್ಲ’ ಅಂತ ನಿಂತುಬಿಟ್ಟಿತು. ‘ಇದರಂಥದ್ದು’ ಅಂತ ತಿಳಿಸುವ ಸಾಲಿನಲ್ಲಿ ಮೂಲದ ಹೆಸರು ಬರೆಯುವುದು ಸರಿಯಾದ ಕ್ರಮ, ಆದರೆ ಆ ಡ್ರೈವರ್ ಆ ಸಾಲನ್ನು ಓದುತ್ತಲೇ ಇರಲಿಲ್ಲ. ಮೂಲ ಯೋಜನೆಯವರನ್ನು ಕೇಳಿದೆವು. ಜನರಿಗೆ ಕಾಣುವ ಸಾಲುಗಳು ನಿಮ್ಮವಾಗಲಿ, ಯಂತ್ರ ಓದುವ ಆ ಒಂದು ಗುರುತು ಸದ್ಯಕ್ಕೆ ಹಾಗೇ ಇರಲಿ ಅಂದರು. ಕೇಳಿದರೆ ಸಿಗುತ್ತದೆ ಅನ್ನುವುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆವು.

ತಿದ್ದಿದ ಫಾಂಟ್ ಕಿತ್ತು ಹಾಕಿ ಅಸಲಿ ಫಾಂಟ್ ಇಟ್ಟೆವು. ಮೊದಲ ಪರದೆಯ ಮೇಲೆ ಹೀಗೆ ಬರೆದೆವು: ಇದು ಪಾಟಿ. ಇಂಥ ವಿತರಣೆಯ ಮೇಲೆ ಕಟ್ಟಿದ್ದು. ಅವರೂ ಸರಕಾರವೂ ಇದಕ್ಕೆ ಹೊಣೆಯಲ್ಲ. ತೊಂದರೆ ಬಂದರೆ ಈ ಅಂಗಡಿಗೆ ಫೋನ್ ಮಾಡಿ. ‘ಮೇಲೆ ಕಟ್ಟಿದ್ದು’ ಅಂತ ನಿಜ ಹೇಳಲು ಮೂಲದವರ ಆಕ್ಷೇಪ ಇರಲಿಲ್ಲ, ನೀತಿಯಲ್ಲೂ ಅದಕ್ಕೆ ಅವಕಾಶವಿತ್ತು.

ಆದದ್ದೇನು

ಹನ್ನೊಂದರಲ್ಲಿ ಎಂಟು ಶಾಲೆ ಪಾಟಿಗೆ ಬದಲಾದವು. ಎರಡು ಶಾಲೆ ಹಳೆಯದನ್ನೇ ಉಳಿಸಿಕೊಂಡಿವೆ. ಒಂದು ಶಾಲೆಯ ಹೆಡ್‌ಮಾಸ್ಟರ್, ಹೆಸರೇ ಕೇಳಿಲ್ಲದ್ದನ್ನು ಇಟ್ಟುಕೊಳ್ಳುವುದಿಲ್ಲ ಅಂತ ತೆಗೆಸಿದರು. ದೊಡ್ಡ ಹೆಸರಿನ ನಂಬಿಕೆ ಬಿಟ್ಟುಕೊಟ್ಟಾಗ ಇಂಥ ನಷ್ಟ ಬಂದೇ ಬರುತ್ತದೆ. ಆ ವ್ಯಾಪಾರಿಯನ್ನು ತಡೆಯಲು ನಮಗೆ ಆಗಲಿಲ್ಲ, ಆ ಪೋಸ್ಟರ್ ಈಗಲೂ ಯಾರದೋ ಫೋನಿನಲ್ಲಿ ಇರಬಹುದು. ನಾನು ಬರೆದ ‘ಅಧಿಕೃತ’ ಅನ್ನುವ ನಾಲ್ಕು ಅಕ್ಷರ ವಾಪಸ್ ಪಡೆಯಲು ನನ್ನಿಂದ ಆಗಿಲ್ಲ.

ಅನುವಾದದ ವಿಷಯದಲ್ಲಿ ಮಾತ್ರ ನಾವು ಅಂದುಕೊಳ್ಳದ ಒಳ್ಳೆಯದಾಯಿತು. ನಮ್ಮಲ್ಲೇ ಇಟ್ಟುಕೊಂಡಿದ್ದ ಕನ್ನಡ ಸಾಲುಗಳನ್ನು ಮೂಲ ಯೋಜನೆಗೆ ಕಳಿಸಿದೆವು. ರಾತ್ರಿ ಕೂತು ಒತ್ತು ಹುಡುಕಿದ್ದ ಅದೇ ಸ್ವಯಂಸೇವಕರು ತಿದ್ದಿ ಸೇರಿಸಿಕೊಂಡರು. ಹೆಸರಿನಲ್ಲಿ ದೂರವಾದ ಮೇಲೆ ಕೆಲಸದಲ್ಲಿ ಹತ್ತಿರವಾದೆವು. ಹುಡುಗ ಬೆಂಗಳೂರಿನಿಂದ ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾನೆ, ಪೆನ್‌ಡ್ರೈವ್ ಅಂಗಡಿ ಅಣ್ಣ ತುಂಬಿ ಕೊಡುತ್ತಾರೆ.

ಮೊನ್ನೆ ವಿಜಯಪುರದಿಂದ ಇಬ್ಬರು ಶಿಕ್ಷಕರು ಅಂಗಡಿಗೆ ಬಂದಿದ್ದರು. ಪಾಟಿಯನ್ನು ಉರ್ದು ಶಾಲೆಗಳಿಗೆ ಹೊಂದಿಸಿದ್ದಾರೆ, ಬಹಳ ಚೆನ್ನಾಗಿ ಮಾಡಿದ್ದಾರೆ. ‘ಅಧಿಕೃತ ಪಾಟಿ ಉರ್ದು ಅಂತ ಹಾಕ್ಕೋಬಹುದೇನ್ರಿ?’ ಅಂತ ಕೇಳಿದರು. ಅಂಗಡಿ ಅಣ್ಣ ನನಗೆ ಫೋನ್ ಮಾಡಿದರು, ನಾನು ಅಕ್ಕೋರಿಗೆ ಮಾಡಿದೆ. ಸಂಜೆ ಎಲ್ಲರೂ ಫೋನಿನಲ್ಲಿ ಸೇರಿದೆವು. ಉರ್ದು ಓದಲು ನಮ್ಮಲ್ಲಿ ಒಬ್ಬರಿಗೂ ಬರುವುದಿಲ್ಲ. ಒಂದು ಅಕ್ಷರ ತಪ್ಪಿದರೂ ನಮಗೆ ಗೊತ್ತಾಗದು. ಅದನ್ನೇ ಅವರಿಗೆ ಹೇಳಿದೆವು. ಕಡತಗಳನ್ನೆಲ್ಲ ಕೊಟ್ಟೆವು, ಹೆಸರಿನ ಮೂರು ಗುಂಪುಗಳ ಪಟ್ಟಿಯನ್ನೂ ಕೊಟ್ಟೆವು. ಅವರು ಹೊರಡುವಾಗ ಅಂಗಡಿ ಅಣ್ಣ ಅವರ ಪೆನ್‌ಡ್ರೈವ್ ಹಚ್ಚಿ, ಮೊದಲ ಪರದೆಯಲ್ಲಿದ್ದ ತಮ್ಮ ಫೋನ್ ನಂಬರ್ ಅಳಿಸಿ, ‘ಇಲ್ಲಿ ನಿಮ್ಮದು ಹೇಳ್ರಿ ಸರ್’ ಅಂದರು.